ಕರಿಹಾಳಿನ ರೇಡಿಯೊ

೨ ಫೆಬ್ರುವರಿ ೧೯೪೩, ಆದವಾನಿ

ಈ ಮನೆಯಲ್ಲಿ ಮಾತಾಡುವ ಪಾಳಿ ಯಾವಾಗಲೂ ಅತ್ತೆಯವರದು, ಕೇಳುವ ಪಾಳಿ ನನ್ನದು. ಕೇಳಿ ಕೇಳಿ ಹೊಟ್ಟೆ ಉಬ್ಬಿದೆ, ಅದಕ್ಕೇ ಈ ಬರವಣಿಗೆ. ಯಾರೂ ಓದುವುದಿಲ್ಲವೆಂಬ ಧೈರ್ಯವೂ ಇದೆ. ಅತ್ತೆ ಬಸಲಿಂಗಮ್ಮನವರಿಗೆ ಅಕ್ಷರ ಬಾರದು. ಇವರಿಗೆ ರೇಡಿಯೊ ಪುಸ್ತಕ ಬಿಟ್ಟರೆ ಬೇರೆ ಓದು ಬೇಡ.

ಇವರೆಂದರೆ ನನ್ನ ಯಜಮಾನರು. ಹೆಸರು ಬರೆಯಲು ಕೈ ಏಳುವುದಿಲ್ಲ, ಊರವರು ಕರೆಯುವಂತೆ ಬರೆದುಬಿಡುತ್ತೇನೆ: ರೇಡಿಯೊ ಚಂದ್ರಣ್ಣ. ಹಳ್ಳಿ ಚಾವಡಿಗಳಲ್ಲಿ ಸರಕಾರ ಇಟ್ಟಿರುವ ರೇಡಿಯೊ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ಇವರ ಕೆಲಸ. ವಾರಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಕಂಬದ ಮೇಲಿನ ತಂತಿ ನೋಡಬೇಕು, ಸಂಜೆ ಮದ್ರಾಸು ಸ್ಟೇಷನ್ನು ಮಾತಾಡುತ್ತದೋ ಇಲ್ಲವೋ ಕೇಳಬೇಕು. ಶನಿವಾರ ಆಲೂರಿನಾಚೆ ಕರಿಹಾಳಿನಲ್ಲಿ ತಂತಿ ಬಿಗಿಯಲು ಹತ್ತಿದವರು ಏಣಿ ಜಾರಿ ಬಿದ್ದರು. ಮೊಣಕಾಲಿನ ಹತ್ತಿರ ಎಲುಬು ಮುರಿದಿದೆ. ಈಗ ಪಡಸಾಲೆಯ ಮಂಚದ ಮೇಲೆ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದಾರೆ.

ಕಾಲಿಗಿಂತ ಕೆಲಸದ ಚಿಂತೆಯೇ ಹೆಚ್ಚು. ಕೆಲಸ ಇನ್ನೂ ಹಂಗಾಮಿ. ಏಪ್ರಿಲಿನಲ್ಲಿ ಮದ್ರಾಸಿನ ಇಂಜಿನಿಯರು ತಪಾಸಣೆಗೆ ಬರುತ್ತಾರೆ. ಪೆಟ್ಟಿಗೆಗಳೆಲ್ಲ ಮಾತಾಡುತ್ತಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಪೆಟ್ಟಿಗೆಗಳು ಬೇರೆ ಸೀಮೆಗೆ, ಇವರು ಭಾವನವರ ಹತ್ತಿ ಮಂಡಿಗೆ. ಭಾವನವರು ಒಳ್ಳೆಯವರೇ. ಆದರೆ ಮಂಡಿಯಲ್ಲಿ ಕೂತ ವರ್ಷ ಇವರು ಊಟಕ್ಕೆ ಬಂದರೂ ಮಾತಾಡುತ್ತಿರಲಿಲ್ಲ. ರೇಡಿಯೊ ಸೇರಿದ ಮೇಲೆ ನಿದ್ದೆಯಲ್ಲೂ ಮಾತಾಡುತ್ತಾರೆ. ನನಗೆ ಮಾತಾಡುವ ಗಂಡನೇ ಬೇಕು.

೬ ಫೆಬ್ರುವರಿ

ಬದಲಿ ಆಳು ಬೇಕೆಂದು ಬರೆದದ್ದಕ್ಕೆ ಮದ್ರಾಸಿನಿಂದ ಉತ್ತರ ಬಂತು. ಯುದ್ಧಕಾಲ, ಬದಲಿಗೆ ಕಳಿಸಲು ಜನ ಇಲ್ಲ, ಹೇಗಾದರೂ ನಿಭಾಯಿಸಿ ಎಂದಿದ್ದಾರೆ.

ಬ್ಯಾಟರಿಗೆ ಕರೆಂಟು ತುಂಬುವುದಕ್ಕೆ ತೊಂದರೆ ಇಲ್ಲ. ಹತ್ತಿ ಬೀಜ ಬಿಡಿಸುವ ಜಿನ್ನಿನ ಇಂಜಿನ್ ಮೇಸ್ತ್ರಿ ಮೌಲಾಲಿ ತುಂಬಿಕೊಡುತ್ತಾನೆ. ದೇವನಕೊಂಡ ಊರಿನ ಬ್ಯಾಟರಿ ಬಸ್ಸಿನ ಮೇಲೆ ಹೋಗಿ ಬರುತ್ತದೆ, ಅಲ್ಲಿನ ಮಾಸ್ತರರು ಜೋಡಿಸಿಕೊಳ್ಳುತ್ತಾರೆ. ಉಳಿದದ್ದು ಆಲೂರು ಮತ್ತು ಅದರ ಸುತ್ತಲಿನ ಹಳ್ಳಿಗಳು. ಆಲೂರು ನನ್ನ ತವರು. ಅಪ್ಪನ ಮನೆಯ ಗಾಡಿ ಇದೆ. ನಾನೇ ಹೋಗಿ ಬದಲಿಸಿ ಬರುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು. ಅತ್ತೆಯವರು ಅರ್ಧ ದಿನ ಅದನ್ನೇ ಅರೆದರು. ತವರಿಗೆ ಹೋಗುವುದಕ್ಕೆ ಬೇಡ ಅನ್ನುವಂತಿಲ್ಲ, ಬ್ಯಾಟರಿ ಹಿಡಿದು ಹೋಗುವುದಕ್ಕೆ ಹೂಂ ಅನ್ನಲು ಮನಸ್ಸಿಲ್ಲ. ಕೊನೆಗೆ ಬ್ಯಾಟರಿಯ ಮೇಲೆ ಬುತ್ತಿ ಬಟ್ಟೆ ಹೊದಿಸಿಕೊಂಡು ಹೋಗಲಿ ಎಂದು ಒಪ್ಪಿದರು.

ಇವರು ಮಂಚದಿಂದಲೇ ಪಾಠ ಹೇಳುತ್ತಿದ್ದಾರೆ. ಕೆಂಪು ತಂತಿ ಎಲ್ಲಿಗೆ, ಕರಿ ತಂತಿ ಎಲ್ಲಿಗೆ, ಬ್ಯಾಟರಿಯೊಳಗಿನ ಸೀಸದ ಹಲಗೆಗಳು ಮುಳುಗುವವರೆಗೆ ನೀರು ಹೇಗೆ ಹಾಕುವುದು. ಆಸಿಡ್ ಸಿಡಿದು ನನ್ನ ಹಸಿರು ಸೀರೆಗೆ ತೂತು ಬಿತ್ತು. ಸಿಟ್ಟಿನಿಂದ ಆಸಿಡ್ಡಿನ ಬಾಟಲಿಗಳ ಕೊರಳಿಗೆಲ್ಲ ಕೆಂಪು ದಾರ ಕಟ್ಟಿದೆ, ನೀರಿನವುಗಳಿಗೆ ಇಲ್ಲ. ಇದು ಇವರ ಕೆಲಸ, ಕಾಲು ಕೂಡುವವರೆಗೆ ಮಾತ್ರ ನನ್ನದು ಎಂದು ಅತ್ತೆಯವರಿಗೂ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ.

೧೧ ಫೆಬ್ರುವರಿ, ಆಲೂರು

ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು ಉಸಿರು ಎಳೆದುಕೊಳ್ಳುತ್ತದೆ. ತೊಡೆಯ ಮೇಲೆ ಬ್ಯಾಟರಿ. ಪಕ್ಕದ ಮುದುಕಿ ಬುತ್ತಿಯಲ್ಲಿ ಏನಿದೆಯೆಂದು ಎರಡು ಸಲ ಕೇಳಿದಳು. ಉಪ್ಪಿನಕಾಯಿ ಎಂದೆ.

ಕರಿಹಾಳು ಕುರಿ ಕಾಯುವವರ ಊರು. ಚಾವಡಿಯ ಪೆಟ್ಟಿಗೆಯ ಬೀಗದ ಕೈ ಇರುವುದು ಉಚ್ಚೀರಪ್ಪನ ಉಡಿದಾರದಲ್ಲಿ. ವಯಸ್ಸಾದವನು, ಊರಿಗೆ ಹಿರಿಯ. ಚಂದ್ರಣ್ಣಾರು ಬರುತ್ತಾರೆಂದು ದಾರಿ ಕಾಯುತ್ತಿದ್ದವನು ನನ್ನನ್ನು ಕಂಡು ಬೀಗದ ಕೈ ಕೊಡಬೇಕೋ ಬೇಡವೋ ತಿಳಿಯದೆ ಸೊಂಟ ಹಿಡಿದುಕೊಂಡು ನಿಂತ. ಹೆಂಗಸರು ಮುಂದೆ ಬಂದು ಕೂತರು, ಗಂಡಸರು ಹಿಂದೆ ಸರಿದರು. ಕೆಂಪು ತಂತಿ, ಕರಿ ತಂತಿ. ಎರಡನ್ನೂ ಬಿಗಿದೆ. ಗುಂಡಿ ತಿರುಗಿಸಿದಾಗ ಒಳಗಿನ ಗಾಜಿನ ಬುರುಡೆ ಸಣ್ಣಗೆ ಕೆಂಪಾಯಿತು, ಕರಕರ ಎಂದಿತು, ಆಮೇಲೆ ಯಾರೋ ತೆಲುಗಿನಲ್ಲಿ ಶೇಂಗಾ ಬೆಳೆಯ ರೋಗದ ಬಗ್ಗೆ ಮಾತಾಡತೊಡಗಿದರು. ಇಷ್ಟು ದಿನ ಅದೇ ಮಾತು ಕೇಳಿದರೆ ನನಗೆ ಆಕಳಿಕೆ ಬರುತ್ತಿತ್ತು. ಇವತ್ತು ಶೇಂಗಾ ರೋಗ ಮುಗಿಯುವವರೆಗೂ ಎದ್ದೇಳಲು ಮನಸ್ಸಾಗಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

೧೯ ಫೆಬ್ರುವರಿ, ಆದವಾನಿ

ಬಿಸಿಲು ಈಗಲೇ ಬ್ಯಾಟರಿಯ ನೀರು ಕುಡಿಯುತ್ತಿದೆ. ಅದಕ್ಕೆ ಬೇಕಾದದ್ದು ಆವಿಯಾಗಿಸಿ ಇಳಿಸಿದ ಶುದ್ಧ ನೀರು. ಮದ್ರಾಸಿನಿಂದ ರೈಲಿನಲ್ಲಿ ಬರುತ್ತಿದ್ದದ್ದು ಈಗ ಬರುತ್ತಿಲ್ಲ, ರೈಲು ತುಂಬ ಸಿಪಾಯಿಗಳ ಸಾಮಾನು. ಮನೆಯಲ್ಲಿ ಉಳಿದದ್ದು ಅರ್ಧ ಬಾಟಲಿ. ನಮ್ಮ ಬಾವಿಯ ಸವಳು ನೀರು ಹಾಕಿದರೆ ಬ್ಯಾಟರಿಯೇ ಸಾಯುತ್ತದಂತೆ. ಮಳೆ ನೀರು ಆಗುತ್ತದೆ ಎಂದರು. ಮಾಘ ಮಾಸದಲ್ಲಿ ಮಳೆ ಎಲ್ಲಿಂದ ತರಲಿ ಎಂದು ಕೇಳಿದ್ದಕ್ಕೆ ಮುಖ ಗೋಡೆ ಕಡೆ ತಿರುಗಿಸಿಕೊಂಡರು.

ಮೌಲಾಲಿಯ ತಾಯಿ ದಸ್ತಗಿರಮ್ಮನಿಗೆ ವಿಷಯ ಹೇಳಿದೆ. ಆಕೆ ಹಿಂದೆ ಮದುವೆಗಳಿಗೆ ಪನ್ನೀರು ಇಳಿಸಿಕೊಡುತ್ತಿದ್ದವಳು. ಕೇಳಿ ನಕ್ಕಳು. ದೊಡ್ಡ ಗಡಿಗೆಯಲ್ಲಿ ನೀರು ಕಾಯಿಸು, ಒಳಗೆ ಕಲ್ಲಿಟ್ಟು ಅದರ ಮೇಲೆ ಪಿಂಗಾಣಿ ಬಟ್ಟಲಿಡು, ಗಡಿಗೆಯ ಬಾಯಿಗೆ ದುಂಡು ತಳದ ಕುಡಿಕೆ ಕೂಡಿಸಿ ಅದರಲ್ಲಿ ತಣ್ಣೀರು ತುಂಬು, ಸಂದಿಗೆ ಹಿಟ್ಟು ಮೆತ್ತು. ಆವಿ ಕುಡಿಕೆಯ ತಳಕ್ಕೆ ಬಡಿದು ಬಟ್ಟಲಿಗೆ ತೊಟ್ಟಿಕ್ಕುತ್ತದೆ. ತನ್ನ ಗಡಿಗೆ, ಕುಡಿಕೆ, ಬಟ್ಟಲನ್ನೇ ಕೊಟ್ಟು ಕಳಿಸಿದಳು.

೨೨ ಫೆಬ್ರುವರಿ

ಹಿತ್ತಲಲ್ಲಿ ಒಲೆ ಹೂಡಿದ್ದೇನೆ. ಮೊದಲ ಬಾಟಲಿ ತುಂಬಿದಾಗ ಮನೆಯೆಲ್ಲ ಗುಲಾಬಿಯ ಪರಿಮಳ. ದಸ್ತಗಿರಮ್ಮನ ಗಡಿಗೆ ಎಷ್ಟು ಮದುವೆ ಕಂಡಿದೆಯೋ. ಇವರು ಮೂಸಿ ನೋಡಿ, ಇದನ್ನು ಹಾಕಿದರೆ ಮದ್ರಾಸು ಅತ್ತರು ಪೂಸಿಕೊಂಡು ಮಾತಾಡುತ್ತದೆ, ಚೆಲ್ಲು ಎಂದರು. ಬಿದ್ದ ಮೇಲೆ ಇವರು ನಕ್ಕದ್ದು ಇದೇ ಮೊದಲು. ಚೆಲ್ಲಲಿಲ್ಲ, ಮುಖ ತೊಳೆದುಕೊಂಡೆ. ಹೊಸ ಗಡಿಗೆ ತರಿಸಿದೆ. ಬಾಟಲಿಗಳು ಸಾಲಲಿಲ್ಲ, ಇನ್ನಷ್ಟನ್ನು ಮೌಲಾಲಿ ಜಿನ್ನಿನ ದೊರೆಯ ಬಂಗಲೆಯಿಂದ ತಂದುಕೊಟ್ಟ. ಬ್ರಾಂದಿ ಕುಡಿದು ಬಿಸಾಕಿದವು. ಬಿಸಿನೀರಲ್ಲಿ ಕುದಿಸಿ ತೊಳೆದೆ. ಚೀಟಿ ಮಾತ್ರ ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ.

೫ ಮಾರ್ಚ್

ಎದುರು ಮನೆಯ ಆದಿಲಕ್ಷ್ಮಿ ಶಿವರಾತ್ರಿಯ ದಿನ ಹಿತ್ತಲ ಗೋಡೆಯಾಚೆಯಿಂದ ಇಣುಕಿದ್ದಳಂತೆ. ಗಡಿಗೆ ಮೇಲೆ ಕುಡಿಕೆ, ಸಂದಿಗೆ ಹಿಟ್ಟು, ಕೆಳಗೆ ಸಣ್ಣ ಉರಿ, ಪಕ್ಕದಲ್ಲಿ ಬ್ರಾಂದಿ ಬಾಟಲಿಯ ಸಾಲು. ಇನ್ನೇನು ಬೇಕು ಅವಳಿಗೆ. ಲಿಂಗವಂತರ ಮನೆಯಲ್ಲಿ ಕಳ್ಳಭಟ್ಟಿ ಕಾಯಿಸುತ್ತಾರೆ, ಗಂಡ ಮಂಚ ಹಿಡಿದ ಮೇಲೆ ಸೊಸೆ ದಂಧೆ ಹಿಡಿದಿದ್ದಾಳೆ, ಬುತ್ತಿಯಲ್ಲಿ ಮುಚ್ಚಿಕೊಂಡು ಆಲೂರಿಗೆ ಸಾಗಿಸುತ್ತಾಳೆ ಎಂದು ಬಜಾರಿನ ಉದ್ದಕ್ಕೂ ಹಬ್ಬಿದೆ. ನನಗೆ ನಗು ಬಂತು. ಇವರಿಗೆ ಬರಲಿಲ್ಲ. ಕಳ್ಳಭಟ್ಟಿಯ ಮೊಕದ್ದಮೆ ಬಿದ್ದ ಮನೆಯವನಿಗೆ ಸರಕಾರಿ ಕೆಲಸ ಕಾಯಂ ಆಗುವುದಿಲ್ಲ ಎಂದರು. ಆಮೇಲೆ ನನಗೂ ನಗು ಬರಲಿಲ್ಲ.

ಅತ್ತೆಯವರು ಇವತ್ತೆಲ್ಲ ಬಾಯಿ ಬಿಟ್ಟಿಲ್ಲ. ಅವರು ಸುಮ್ಮನಿರುವುದು ನನಗೆ ಹೆದರಿಕೆ.

೬ ಮಾರ್ಚ್

ಬೆಳಿಗ್ಗೆ ಅಬಕಾರಿಯವರು ಬಂದರು. ಒಬ್ಬ ಇನ್ಸ್‌ಪೆಕ್ಟರು, ಇಬ್ಬರು ಜವಾನರು. ಹಿಂದೆ ಅರ್ಧ ಓಣಿ. ಇವರು ಮಂಚದಿಂದ ಬ್ಯಾಟರಿ, ರೇಡಿಯೊ ಎಂದು ಬಿಡಿಸಿ ಹೇಳುತ್ತಲೇ ಇದ್ದರು. ಇನ್ಸ್‌ಪೆಕ್ಟರು ಬಾಟಲಿಯ ಚೀಟಿ ಓದುತ್ತಲೇ ಇದ್ದರು. ಕೊನೆಗೆ, ಬಾಟಲಿಗಳನ್ನು ಬಳ್ಳಾರಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತೇವೆ, ಅಲ್ಲಿಯವರೆಗೆ ಒಲೆ ಹಚ್ಚಕೂಡದು ಎಂದರು. ಬಳ್ಳಾರಿಯಿಂದ ಉತ್ತರ ಬರುವಷ್ಟರಲ್ಲಿ ಇಂಜಿನಿಯರು ಬಂದು ಹೋಗಿರುತ್ತಾರೆ. ನಾಳೆ ಹಳ್ಳಿಗಳಿಗೆ ಒಯ್ಯಬೇಕಾದ ನೀರೂ ಆ ಬಾಟಲಿಗಳಲ್ಲೇ ಇತ್ತು.

ಆಗ ಅತ್ತೆಯವರು ಪೂಜೆ ಮುಗಿಸಿ ಹೊರಗೆ ಬಂದರು. ಹಣೆಯ ತುಂಬ ವಿಭೂತಿ. ಯಾರನ್ನೂ ಕೇಳದೆ ಗೂಡಿಗೆ ಕೈ ಹಾಕಿ ಒಂದು ಬಾಟಲಿ ತೆಗೆದರು. ಗೂಡಿನಲ್ಲಿ ಆಸಿಡ್ಡೂ ಇತ್ತು, ನೀರೂ ಇತ್ತು, ಎರಡೂ ಒಂದೇ ಬಣ್ಣ. ನಾನು ಕೂಗಬೇಕೆನ್ನುವಷ್ಟರಲ್ಲಿ ತಂಬಿಗೆಗೆ ಬಗ್ಗಿಸಿಕೊಂಡು ಗಟಗಟ ಕುಡಿದರು.

"ಕೊರಳಾಗ ಲಿಂಗ ಐತಿ ನನಗ. ಸೆರೆ ಆಗಿದ್ರ ಮುಟ್ಟತಿದ್ನೇನು?" ಎಂದು ಇನ್ಸ್‌ಪೆಕ್ಟರಿಗೆ ತಂಬಿಗೆ ಚಾಚಿದರು. "ತಗೋರಿ, ನೀವೂ ಕುಡೀರಿ. ಕುಡಿದು ಹೇಳ್ರಿ."

ಅವರು ಕುಡಿದರು. ಸಪ್ಪಗಿದೆ ಎಂದರು. ಜವಾನರೂ ಕುಡಿದರು. ಒಂದು ಬಾಟಲಿ ಪೂರ್ತಿ ಹೀಗೆ ಹೋಯಿತು, ಆದರೆ ಉಳಿದವು ಗೂಡಿನಲ್ಲೇ ಉಳಿದವು. ಓಣಿಯವರು ಆದಿಲಕ್ಷ್ಮಿಯನ್ನು ನೋಡುತ್ತ ಚದುರಿದರು. ಎಲ್ಲ ಹೋದ ಮೇಲೆ ಆಸಿಡ್ ಕೈಗೆ ಬಂದಿದ್ದರೆ ಏನು ಗತಿ ಅತ್ತಿ ಎಂದು ಅಳುತ್ತ ಕೇಳಿದೆ.

"ಕೆಂಪು ದಾರ ಇಲ್ಲದ್ದು ನೀರು. ನನಗೇನು ಕಣ್ಣಿಲ್ಲೇನು?" ಎಂದು ಒಳಗೆ ಹೋದರು.

೧೭ ಮಾರ್ಚ್, ಆಲೂರು

ಕರಿಹಾಳಿನ ಪೆಟ್ಟಿಗೆ ಮೂಕವಾಗಿತ್ತು. ಬ್ಯಾಟರಿ ಸರಿಯಿತ್ತು, ಅದರ ಬಲ ತೋರಿಸುವ ತೇಲುಗಾಜು ಬಿಟ್ಟು ನೋಡಿದೆ, ಬುರುಡೆಗಳೂ ಸರಿ. ತಲೆ ಎತ್ತಿ ನೋಡಿದರೆ ತಂತಿಯೇ ಇಲ್ಲ. ಊರವರು ಕಂಬಳಿ ತೊಳೆದು ಒಣಗಲು ಅದರ ಮೇಲೆ ಎಸೆದಿದ್ದಾರೆ. ನೀರು ಕುಡಿದ ಕಂಬಳಿ ಕುರಿಗಿಂತ ಭಾರ. ತಂತಿ ತುಂಡಾಗಿ ಕಂಬದ ತುದಿಯಲ್ಲಿ ಜೋತಾಡುತ್ತಿತ್ತು. ಇಂಥಾ ಉದ್ದ ತಂತಿ ಸುಮ್ಮನೆ ಯಾರು ಕಟ್ಟುತ್ತಾರೆ ಎಂದು ಉಚ್ಚೀರಪ್ಪನ ಮಗಳು ಜಂಬಮ್ಮ ನನ್ನನ್ನೇ ಕೇಳಿದಳು. ರೇಗಿದೆ. ಆಮೇಲೆ ಅವಳ ಮುಖ ನೋಡಿ ನಕ್ಕೆ.

ಕಂಬ ಹತ್ತಿ ತಂತಿ ಕಟ್ಟಬೇಕಲ್ಲ. ಗಂಡಸರು ಯಾರೂ ಒಪ್ಪಲಿಲ್ಲ. "ಚಂದ್ರಣ್ಣಾರು ಬಿದ್ದ ಕಂಬ ಅದು ತಾಯಿ. ಒಬ್ಬರನ್ನ ಕೆಡವಿದ್ದನ್ನ ಇನ್ನೊಬ್ಬರು ಹತ್ತಂಗಿಲ್ಲ, ನಮ್ಮ ಕಡಿ ಪದ್ಧತಿ," ಎಂದ ಉಚ್ಚೀರಪ್ಪ. ಹಾಗಾದರೆ ನಾನು ಹತ್ತಬೇಕು. ಸೀರೆ ಕಚ್ಚೆ ಹಾಕಿ ಏಣಿ ಹತ್ತಿದರೆ ಅತ್ತೆಯವರ ಕಿವಿಗೆ ಬಸ್ಸಿಗಿಂತ ಮೊದಲು ಸುದ್ದಿ ಮುಟ್ಟುತ್ತದೆ. ಕಂಬವನ್ನೇ ಕೀಳುತ್ತೀರೋ ಎಂದು ಕೇಳಿದೆ. ಕೀಳುವುದಕ್ಕೆ ಯಾವ ಪದ್ಧತಿಯೂ ಅಡ್ಡ ಬರಲಿಲ್ಲ. ಮಲಗಿಸಿದರು. ತವರಿನ ಹಾಳುಬಾವಿಯ ರಾಟಿ ತರಿಸಿ ತುದಿಗೆ ಬಿಗಿಸಿದೆ, ಸೇದುವ ಹಗ್ಗ ಪೋಣಿಸಿದೆ, ಮತ್ತೆ ನಿಲ್ಲಿಸಿದರು. ತುಂಡಾದ ತಂತಿ ಕೂಡಿಸಿ, ಅದರ ತುದಿಯ ಪಿಂಗಾಣಿ ಗುಂಡಿಗೆ ಹಗ್ಗ ಕಟ್ಟಿ ಕೆಳಗಿನಿಂದ ಎಳೆದರೆ ಕೊಡ ಬಂದ ಹಾಗೆ ಮೇಲೆ ಹೋಗುತ್ತದೆ, ಬಿಟ್ಟರೆ ಇಳಿಯುತ್ತದೆ. ಮೊದಲ ಸಲ ಎಳೆದಾಗ ಸಡಿಲಾಯಿತು, ಪೆಟ್ಟಿಗೆಯ ದನಿ ಕೀರಲು. ಜಂಬಮ್ಮನನ್ನು ಹಗ್ಗಕ್ಕೆ ನಿಲ್ಲಿಸಿ ನಾನು ಪೆಟ್ಟಿಗೆಯ ಮುಂದೆ ಕೂತು, ಎಳೆ, ಬಿಡು, ಎಳೆ ಎಂದು ಕಿವಿಗೆ ಸರಿಬರುವವರೆಗೂ ಮಾಡಿಸಿದೆ. ಈಗ ನನ್ನ ತಂತಿ ಆಲೂರಿನದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಕಂಬಳಿಗೆ ಬೇರೆ ಹಗ್ಗ ಕಟ್ಟಿಕೊಟ್ಟು ಬಂದೆ.

೨೪ ಮಾರ್ಚ್, ಆದವಾನಿ

ದಬ್ಬೆ ಬಿಚ್ಚಿದರು. ಎಲುಬು ಕೂಡಿದೆ, ಮೊಣಕಾಲು ಮಡಚುತ್ತಿಲ್ಲ. ಇನ್ನು ಮಡಚುವುದೂ ಇಲ್ಲವಂತೆ. ಕೋಲು ಹಿಡಿದು ನಡೆದರು. ಏಣಿಯ ಮೇಲೆ ಒಂದು ಮೆಟ್ಟಿಲು ಹತ್ತಿ ನೋಡಿ ಇಳಿದು, ಏಣಿಯನ್ನು ಗೋಡೆಗೆ ಒರಗಿಸಿ, ಊಟಕ್ಕೆ ಕೂತರು. ಮಾತಿಲ್ಲ.

೨೫ ಮಾರ್ಚ್

ಇವತ್ತೂ ಮಾತಿಲ್ಲ.

೩ ಏಪ್ರಿಲ್, ಆಲೂರು

ಎಲ್ಲ ಬರೆಯಬೇಕು, ಒಂದನ್ನೂ ಬಿಡಬಾರದು.

ಇಂಜಿನಿಯರು ನಿನ್ನೆ ರೈಲಿಳಿದರು. ತಮಿಳರು, ಎಳೆ ವಯಸ್ಸು, ಕನ್ನಡಕ, ತೆಲುಗು ಬರುತ್ತದೆ. ದೇವನಕೊಂಡದ್ದು ಕೇಳಿದರು, ಆಲೂರಿನದು ಕೇಳಿದರು, ಎಲ್ಲ ಮಾತಾಡಿದವು. ಆದರೆ ಅವರ ಕಣ್ಣು ಇವರ ಕಾಲಿನ ಮೇಲೇ ಇತ್ತು. ಇವತ್ತು ಕರಿಹಾಳಿಗೆ ಗಾಡಿ ಕಟ್ಟುವಾಗ ಇವರನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರಂತೆ: ಪೆಟ್ಟಿಗೆಗಳನ್ನು ಚೆನ್ನಾಗಿ ಇಟ್ಟಿದ್ದೀರಿ, ಆದರೆ ಕಂಬ ಹತ್ತಲಾಗದವರನ್ನು ಕಾಯಂ ಮಾಡಲು ನಿಯಮ ಬಿಡುವುದಿಲ್ಲ, ನನಗೂ ಬೇಸರವೇ. ಇವರು ಬಂದು ನನಗೆ ಹೇಳಿದ್ದು ಒಂದೇ ಮಾತು, "ಮಂಡಿ ಗತಿ ಆತು ನೋಡು." ಗಾಡಿಯ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಕರಿಹಾಳಿನಲ್ಲಿ ಪೆಟ್ಟಿಗೆ ಕೇಳಿ ತಲೆಯಾಡಿಸಿದರು. ಅಷ್ಟಕ್ಕೆ ಬಿಡಲಿಲ್ಲ, ತಂತಿಯ ಬೆಸುಗೆ ನೋಡಬೇಕು, ಇಳಿಸಿ ಎಂದರು. ತಮ್ಮ ಜವಾನನಿಗೆ ಏಣಿ ತರಲು ಕೈ ಮಾಡಿದರು.

ಇವರು ಕಂಬದ ಕಡೆ ನೋಡಿದರು. ರಾಟಿಯ ಸುದ್ದಿಯನ್ನು ಇವರಿಗೆ ಹೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕೋಲು ಊರಿಕೊಂಡು ಕಂಬದ ಬುಡಕ್ಕೆ ಹೋದರು. ಗೂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿದರು, ಕೋಲನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈಯಿಂದ ಮೆಲ್ಲಗೆ ಸಡಿಲ ಬಿಟ್ಟರು. ತಂತಿ ತಾನಾಗಿ ಇಳಿದು ಬಂದು ಇಂಜಿನಿಯರ ಕೈಗೆ ಸಿಕ್ಕಿತು. ಯಾರೂ ಏಣಿ ಮುಟ್ಟಲಿಲ್ಲ.

ನನಗೆ ಆಗಲೇ ಹೊಳೆದದ್ದು. ರಾಟಿ ಕಟ್ಟುವಾಗ ಇವರ ಕಾಲಿನ ನೆನಪೇ ನನಗಿರಲಿಲ್ಲ. ಸೀರೆಯುಟ್ಟವಳು ಏಣಿ ಹತ್ತುವುದು ತಪ್ಪಲಿ ಎಂದು ಕಟ್ಟಿದ್ದು. ನನಗೆ ಹತ್ತಲು ಬಾರದ್ದೇ ಇವರನ್ನು ಕಾಯಿತು.

ಇಂಜಿನಿಯರು ಬೆಸುಗೆ ನೋಡುವುದನ್ನು ಮರೆತು ಹಗ್ಗವನ್ನು ತಾವೇ ಎಳೆದು ಮೇಲೆ ಕಳಿಸಿದರು, ಮತ್ತೆ ಇಳಿಸಿದರು, ಮತ್ತೆ ಎಳೆದರು. ಉಚ್ಚೀರಪ್ಪ, ಸಾಹೇಬರಿಗೆ ಬಾವಿ ಕಂಡಂಗ ಆಗೇತಿ ಎಂದು ನನ್ನ ಹಿಂದೆ ಗೊಣಗಿದ. ಈ ಏರ್ಪಾಡು ನಿಮ್ಮದೋ ಎಂದು ಇಂಜಿನಿಯರು ಇವರನ್ನು ಕೇಳಿದರು. ಹೂಂ ಎಂದಿದ್ದರೆ ಯಾರೂ ಅಲ್ಲವೆನ್ನುತ್ತಿರಲಿಲ್ಲ, ನಾನಂತೂ ಅನ್ನುತ್ತಿರಲಿಲ್ಲ.

"ನಮ್ಮ ಮನ್ಯಾಕಿ ಮಾಡಿದ್ದು. ಬ್ಯಾಟರಿ, ನೀರು, ತಂತಿ, ಎರಡು ತಿಂಗಳದ್ದೆಲ್ಲಾ ಆಕಿದ. ನಾ ಮಂಚದಾಗಿದ್ದೆ," ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ನೆನಪಾಗಿ ತೆಲುಗಿನಲ್ಲಿ ಮತ್ತೊಮ್ಮೆ ಹೇಳಿದರು.

ಅವರು ನನ್ನ ಕಡೆ ತಿರುಗಿ, ಈ ಬ್ಯಾಟರಿಯನ್ನು ಯಾವಾಗ ಬದಲಿಸಿದಿರಿ, ತೇಲುಗಾಜು ಎಷ್ಟು ತೋರಿಸಿತು ಎಂದು ಕೇಳಿದರು. ಹೇಳಿದೆ. ಆಲೂರಿನ ಬುರುಡೆ ಹಳತಾಗಿದೆ, ಮದ್ರಾಸಿಗೆ ಹೋದ ಮೇಲೆ ಮರೆಯದೆ ಹೊಸದು ಕಳಿಸಿ ಎಂದೂ ಹೇಳಿದೆ. ಅಷ್ಟೂ ಹೊತ್ತು ಸೆರಗು ತಲೆಯ ಮೇಲಿರಲಿಲ್ಲವೆಂದು ಜಂಬಮ್ಮ ಆಮೇಲೆ ಹೇಳಿದಳು.

ಕಂಬ ಹತ್ತುವ ಮಾತು ಇನ್ನು ಏಳುವುದಿಲ್ಲ, ಎಲ್ಲ ಊರಿನ ಕಂಬಗಳಿಗೂ ಹೀಗೇ ರಾಟಿ ಹಾಕಿಸಿ ಎಂದು ಹೇಳಿ ಇಂಜಿನಿಯರು ಗಾಡಿ ಹತ್ತಿದರು. ಇವರು ದಾರಿಯಲ್ಲಿ ನನ್ನ ಕಿವಿ ತೂತಾಗುವಷ್ಟು ಮಾತಾಡಿದರು.

೧೫ ಏಪ್ರಿಲ್, ಆಲೂರು

ಕಾಯಂ ಆದ ಆರ್ಡರು ನಿನ್ನೆ ಬಂತು. ಭಾವನವರು ಮಂಡಿಯಿಂದ ಪೇಡೆ ಕಳಿಸಿದರು.

ಇವತ್ತಿನಿಂದ ರಾಟಿ ಹಾಕಿಸುವ ಕೆಲಸ. ಬೆಳಿಗ್ಗೆ ಆದವಾನಿಯ ಮನೆಯಲ್ಲಿ ಇವರು ಹೊರಟು ನಿಂತರು. ಇನ್ನು ನನ್ನ ಪಾಲಿನದು ಮುಗಿಯಿತೆಂದು ಬ್ಯಾಟರಿಯ ಚೀಲ ಇವರ ಹೆಗಲಿಗೆ ಹಾಕಿ, ಅಂಗಳ ಗುಡಿಸಲು ಪೊರಕೆ ಹಿಡಿದೆ. ಸುಳ್ಳು ಯಾಕೆ, ಪೊರಕೆ ಬಹಳ ಭಾರವೆನಿಸಿತು. ಅತ್ತೆಯವರು ಅದನ್ನು ನನ್ನ ಕೈಯಿಂದ ಕಸಿದುಕೊಂಡು ಚೀಲವನ್ನು ಮಗನ ಹೆಗಲಿಂದ ಇಳಿಸಿ ನನಗೆ ಕೊಟ್ಟರು. ಹಗ್ಗ ಎಳೆಯುವವನು ಒಬ್ಬನಾದರೆ ಪೆಟ್ಟಿಗೆ ಮುಂದೆ ಕೂತು ಕೇಳುವವರು ಯಾರು ಎಂದು ಬೈದರು.

ಎದುರು ಮನೆಯ ಕಟ್ಟೆಯಿಂದ ಆದಿಲಕ್ಷ್ಮಿ, ಸೊಸೆ ಮತ್ತೆ ತವರಿಗೋ ಎಂದು ತೆಲುಗಿನಲ್ಲಿ ಎಳೆದು ಕೇಳಿದಳು.

ಅತ್ತೆಯವರು ಅಂಗಳ ಗುಡಿಸುತ್ತಲೇ, ತಲೆ ಎತ್ತದೆ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ಡ್ಯೂಟಿಗಿ ಹೊಂಟಾಳ."

ಚೀಲಕ್ಕೆ ಇವತ್ತು ಬುತ್ತಿ ಬಟ್ಟೆ ಹೊದಿಸಲಿಲ್ಲ.